ಕೂಗಿದವರಿಗೆ ಮಾಲು

ಪ್ರಶ್ನೆ: ‘ಬಿಡ್ಡಿಂಗ್’ ಎಂಬ ಪದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ?

ಉತ್ತರ: ಸಂದರ್ಭ ನೋಡಿಕೊಂಡು ಹೇಳಬೇಕು. ಬೆಲೆ ಕೂಗುವುದಾದರೆ ‘ಹರಾಜು’, ‘ಸವಾಲು’, ಉತ್ತರ ಕರ್ನಾಟಕದಲ್ಲಿ ‘ಲಿಲಾವು’. ಮೊದಲೆರಡು ಅರಬ್ಬಿ ಮೂಲದವು. ಮೂರನೆಯದು ಪೋರ್ಚುಗೀಸರಿಂದ ಮರಾಠಿಯ ಮೂಲಕ ಬಂದದ್ದು. ಅಪ್ಪಟ ಕನ್ನಡದ್ದು ಬೇಕೆಂದರೆ ‘ಕೂಗು’ ಇದ್ದೇ ಇದೆ.

ಜಾತ್ರೆ ಮುಗಿದ ಮೇಲೆ ದೇವರ ತೆಂಗಿನಕಾಯಿ ಹಿಡಿದು ‘ಒಂದು ಸಲ, ಎರಡು ಸಲ...’ ಎನ್ನುವಾಗ ಹೆಚ್ಚು ಕೂಗಿದವರಿಗೆ ಕಾಯಿ. ರಸ್ತೆ ಕಾಮಗಾರಿಯ ಟೆಂಡರಿನಲ್ಲಿ ಇದು ತಲೆಕೆಳಗು: ಸಾಮಾನ್ಯವಾಗಿ ಕಡಿಮೆ ಮೊತ್ತ ಬರೆದವರಿಗೆ ಕೆಲಸ. ಚೀಟಿಯದು ಇನ್ನೂ ತಮಾಷೆ. 1 ಲಕ್ಷದ ಚೀಟಿಯಲ್ಲಿ ‘20 ಸಾವಿರ ಬಿಟ್ಟೆ’ ಎಂದು ಕೂಗಿದವರನ್ನು ಯಾರೂ ಮೀರಿಸದಿದ್ದರೆ ಅವರ ಕೈಗೆ 80 ಸಾವಿರ. ಬಿಟ್ಟ ಹಣದಲ್ಲಿ ಕಮಿಷನ್ ಕಳೆದು ಉಳಿದದ್ದು ಸದಸ್ಯರಿಗೆ ಹಂಚಿಕೆ. ಅಂದರೆ ಇಲ್ಲಿ ಕೂಗುವುದು ಕೊಡುವ ಬೆಲೆಯನ್ನಲ್ಲ, ಬಿಡುವ ಹಣವನ್ನು!

ಇಂಗ್ಲಿಷಿನಲ್ಲಿ ‘ಬಿಡ್ಡಿಂಗ್’ ಪದಕ್ಕೆ ‘ಅಪ್ಪಣೆ’ ಎಂಬರ್ಥವೂ ಉಂಟು. ‘ನೀಡು, ಸಾರು’ ಮತ್ತು ‘ಬೇಡು’ ಎಂಬರ್ಥದ ಎರಡು ಹಳೆಯ ಕ್ರಿಯಾಪದಗಳು ಬೆರೆತು ಅದು ಹುಟ್ಟಿತು. ಹಾಗಾಗಿ ‘ಯಜಮಾನರ ಬಿಡ್ಡಿಂಗ್’ ಎಂದು ಓದಿದಾಗ ಹರಾಜು ಹುಡುಕಬೇಡಿ. ಅಲ್ಲಿರುವುದು ಅವರ ಮಾತು ನಡೆಸುವ ಕೆಲಸ.