ಹಳೆಯ ಬೀಡಿನ ಕೆಟ್ಲು: ಗುಜರಿಗೆ ಹಾಕುವ ಮುನ್ನ



ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಕೊಡಗು, ಚಿಕ್ಕಮಗಳೂರು, ಮಂಜರಾಬಾದ್ ಸೀಮೆಗಳಲ್ಲಿ ಕಾಫಿ ತೋಟ ಮಾಡಿದ ಇಂಗ್ಲಿಷ್ ದೊರೆಗಳ ಬಂಗಲೆಗಳಿಗೆ ಸೀಮೆಯ ಪಾತ್ರೆ ಪದಾರ್ಥಗಳೂ ಬಂದವು. ತೋಟಗಳು ಕೈ ಬದಲಾದಾಗ ಇವುಗಳಲ್ಲಿ ಕೆಲವು ನಮ್ಮವರ ಅಟ್ಟ ಸೇರಿದವು. ಎರಕದ ಕಬ್ಬಿಣದ, ಅಂದರೆ ಬೀಡಿನ, ಟೀ ಕೆಟ್ಲು ಅಂಥದ್ದೊಂದು. ಗುಜರಿಯವನು ಅದಕ್ಕೆ ಕೊಡುವುದು ತೂಕದ ಬೆಲೆ ಮಾತ್ರ. ಕೆಲವರು ಅದನ್ನು ಗ್ರೈಂಡರಿಗೆ ಕೊಟ್ಟು ಹೊಳಪು ಮಾಡಿಸಿ, ಮರುದಿನವೇ ಒಲೆಗೇರಿಸುತ್ತಾರೆ. ಮೊದಲನೆಯದರಿಂದ ಹಣಕ್ಕೆ ನಷ್ಟ, ಎರಡನೆಯದರಿಂದ ಆರೋಗ್ಯಕ್ಕೇ ನಷ್ಟವಾಗಬಹುದು. ಆದ್ದರಿಂದ ಮೊದಲು ಗುರುತಿಸಿ, ಆಮೇಲೆ ಉಜ್ಜಿ ಎಂಬುದೇ ನಮ್ಮ ಸಲಹೆ.

ಗುರುತಿಸುವ ಕ್ರಮ

ಬಿಸಿನೀರಿಗೆ ವಾಷಿಂಗ್ ಸೋಡ ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಮಸಿ ತೆಗೆಯಿರಿ. ತಳ, ಮೂತಿ, ಹಿಡಿಯ ಬುಡ, ಮುಚ್ಚಳದ ಒಳಗೆ ಅಕ್ಷರಗಳನ್ನು ಹುಡುಕಿರಿ. ಕಾಣದಿದ್ದರೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಮೂಡುತ್ತವೆ.

ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ 1791ರಲ್ಲಿ ಆರಂಭವಾದ ಕೆನ್ರಿಕ್ ಎರಕಶಾಲೆಯ ಹೆಸರು ಇಂಥ ಪಾತ್ರೆಗಳಲ್ಲಿ ಪ್ರಸಿದ್ಧ. ವಜ್ರಾಕೃತಿಯ ಮುದ್ರೆಯಿದ್ದರೆ ಅದರ ವಿನ್ಯಾಸ ಬ್ರಿಟನ್ನಿನಲ್ಲಿ 1842ರಿಂದ 1883ರ ನಡುವೆ ನೋಂದಣಿಯಾದದ್ದು. 1884ರಿಂದ ಮುದ್ರೆಯ ಬದಲು 'ಆರ್.ಡಿ. ನಂ.' ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಬಂದವು. ಇವು ತಿಳಿಸುವುದು ವಿನ್ಯಾಸ ನೋಂದಣಿಯ ಕಾಲವನ್ನು. ಪಾತ್ರೆ ಅದಕ್ಕಿಂತ ಈಚಿನದಿರಬಹುದು.

ಬರಿಯ ಅಂಕಿಯಿದ್ದರೆ ನೀರು ಅಳೆದು ನೋಡಿರಿ. ಇಂಗ್ಲಿಷ್ ಕೆಟ್ಲುಗಳಲ್ಲಿ ಅದು ಸಾಮಾನ್ಯವಾಗಿ ಕ್ವಾರ್ಟ್ ಲೆಕ್ಕ. ಒಂದು ಕ್ವಾರ್ಟಿಗೆ ಸುಮಾರು 1.14 ಲೀಟರು. '4' ಎಂದಿದ್ದರೆ ನಾಲ್ಕೂವರೆ ಲೀಟರಿನಷ್ಟು ಹಿಡಿಯಬೇಕು. ಅಮೆರಿಕದ ಕೆಟ್ಲುಗಳಲ್ಲಿ '8' ಎಂದರೆ ಒಲೆಯ ಕಣ್ಣಿನ ಗಾತ್ರ. ಅಲ್ಲಿನ ಪ್ರಸಿದ್ಧ ಹೆಸರುಗಳು ಈರಿ ಪಟ್ಟಣದ ಗ್ರಿಸ್‌ವೋಲ್ಡ್ (1865–1957) ಮತ್ತು 1891ರಲ್ಲಿ ಸಿಡ್ನಿ ಪಟ್ಟಣದಲ್ಲಿ ಶುರುವಾದ ವ್ಯಾಗ್ನರ್. ತಳದಲ್ಲಿ ಉದ್ದನೆಯ ಉಬ್ಬುಗೆರೆಯಿದ್ದರೆ ಅದು ಎರಕ ಹೊಯ್ದ ಬಾಯಿಯ ಗುರುತು, ಹಳೆಯ ಕೆಲಸದ ಲಕ್ಷಣ. ಅದನ್ನು ಅರದಿಂದ ತೀಡಬೇಡಿ.

ನೀರು ಕಾಯಿಸಬಹುದೇ?

ಟಾರ್ಚ್ ಹಿಡಿದು ಒಳಗೆ ನೋಡಿರಿ. ಬೂದು ಬಿಳುಪಿನ ಹೊಳಪಿದ್ದರೆ ಅದು ಕಲಾಯಿ. ಹಳೆಯ ಕಲಾಯಿಯಲ್ಲಿ ತವರದೊಡನೆ ಸೀಸ ಬೆರೆತಿರುವುದುಂಟು, ಕಣ್ಣಿಗೆ ತಿಳಿಯುವುದಿಲ್ಲ. ಗಾಜಿನಂಥ ಎನಾಮಲ್ ಲೇಪ ಚಕ್ಕೆ ಎದ್ದಿದ್ದರೆ ಅದೂ ಕುಡಿಯುವ ನೀರಿಗೆ ಸಲ್ಲದು. ಇವೆರಡನ್ನೂ ಒಣ ಕಾಗದದಿಂದ ಉಜ್ಜಿ ಧೂಳೆಬ್ಬಿಸಬೇಡಿ. ತೊಳೆದು ಜಗಲಿಯ ಅಲಂಕಾರಕ್ಕೆ ಇಡಿ. ಮಕ್ಕಳಿರುವ ಮನೆಯಲ್ಲಿ ಈ ಮಾತನ್ನು ಮರೆಯಬಾರದು. ತುಕ್ಕು ಸುಡಲೆಂದು ಬೆಂಕಿಗೆ ಹಾಕುವುದೂ ತಪ್ಪು. ತವರ 232 ಡಿಗ್ರಿಗೇ ಕರಗುತ್ತದೆ, ಬೀಡೂ ಬಿರಿಯುತ್ತದೆ.

ಒಳಗೆ ಬರಿಯ ಕಬ್ಬಿಣವಿದ್ದರೆ ಮಾತ್ರ ಮುಂದುವರಿಯಿರಿ. ಬೆರಳ ಗೆಣ್ಣಿನಿಂದ ತಟ್ಟಿದಾಗ ಒಡಕು ಮಡಕೆಯ ಸದ್ದು ಬಂದರೆ ಬಿರುಕಿದೆ ಎಂದರ್ಥ. ರಾತ್ರಿಯಿಡೀ ನೀರು ತುಂಬಿಟ್ಟು ಸೋರುತ್ತದೆಯೇ ನೋಡಿರಿ.

ಚೊಗರಿನ ಉಪಾಯ

ಸಡಿಲ ತುಕ್ಕನ್ನು ತೆಂಗಿನ ನಾರಿನಿಂದ ತೆಗೆದರೆ ಸಾಕು, ಬಿಳಿ ಲೋಹ ಕಾಣುವವರೆಗೆ ಕೆರೆಯುವುದು ಬೇಡ. ಮುಂದಿನ ಕೆಲಸ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಹಸಿ ಅಡಿಕೆ ಸುಲಿದ ಮೆಟ್ಟುಗತ್ತಿ ಕಪ್ಪಾಗುವುದನ್ನು ನಾವೆಲ್ಲ ಬಲ್ಲೆವು. ಅಡಿಕೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಆಗುವ ಕಪ್ಪು ಅದು. ಚಹಾ ಸೊಪ್ಪಿನಲ್ಲೂ ಟ್ಯಾನಿನ್ ಇದೆ. ಎರಡು ಹಿಡಿ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ, ಕೆಟ್ಲಿನಲ್ಲಿ ನೀರು ತುಂಬಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿರಿ. ನೀರು ಶಾಯಿಯಂತಾಗುತ್ತದೆ, ಕೆಂಪು ತುಕ್ಕು ಕಪ್ಪು ಪೊರೆಯಾಗಿ ಅಂಟಿಕೊಳ್ಳುತ್ತದೆ. ನೀರು ಚೆಲ್ಲಿ, ಹೀಗೆ ಎರಡು ಮೂರು ಬಾರಿ ಮಾಡಿ, ಕೊನೆಗೆ ಬರಿಯ ನೀರು ಕುದಿಸಿ ನೋಡಿರಿ. ನೀರು ತಿಳಿಯಾಗಿ ಬಂದರೆ ಕೆಲಸ ಮುಗಿಯಿತು. ಜಪಾನಿನ ಇವಾತೆ ಪ್ರಾಂತದ ನಂಬು ಕಬ್ಬಿಣದ ಕೆಟ್ಲುಗಳ ತುಕ್ಕಿಗೂ ಚಹಾ ಕುದಿಸುವುದೇ ರೂಢಿ. ಅಲ್ಲಿ ಒಳಮೈ ಉಜ್ಜುವುದೇ ನಿಷಿದ್ಧ.

ಹೊರಮೈಗೆ ಬೆಚ್ಚಗಿರುವಾಗ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ ಒರೆಸಿಬಿಡಿ. ಒಳಗೆ ಎಣ್ಣೆ ಬೇಡ, ನೀರು ಕಮಟುತ್ತದೆ. ಕಾದ ಕೆಟ್ಲಿಗೆ ತಣ್ಣೀರು ಸುರಿಯಬೇಡಿ, ಬೀಡು ಸೀಳುತ್ತದೆ. ಪ್ರತಿ ಸಲವೂ ಬಿಸಿಯಿರುವಾಗಲೇ ನೀರು ಬಗ್ಗಿಸಿ, ಮುಚ್ಚಳ ತೆಗೆದಿಡಿ. ನಮ್ಮ ಮಳೆಗಾಲದಲ್ಲಂತೂ ಒಲೆಯ ಮೇಲಿನ ಅಟ್ಟವೇ ಅದಕ್ಕೆ ತಕ್ಕ ಜಾಗ.

ಕೊನೆಯದಾಗಿ ಒಂದು ಮಾತು. ಕೆಟ್ಲು ಯಾವ ತೋಟದಿಂದ, ಯಾರ ಕಾಲದಲ್ಲಿ ಮನೆಗೆ ಬಂತೆಂದು ಹಿರಿಯರನ್ನು ಕೇಳಿ ಬರೆದಿಡಿ. ಕಬ್ಬಿಣದ ತುಕ್ಕು ತೆಗೆಯಬಹುದು. ಹಿರಿಯರೊಡನೆ ಹೋದ ಮಾಹಿತಿಯನ್ನು ಮರಳಿ ತರಲಾಗದು.