ರಕ್ತದೊತ್ತಡ ಥಟ್ಟನೆ ಇಳಿದರೆ ಕಣ್ಣಿಗೇ ಕುತ್ತು!

ತೀವ್ರ ರಕ್ತದೊತ್ತಡ ಕಣ್ಣಿಗೆ ಹಾನಿಕರ ಎಂಬುದು ಬಹುತೇಕರಿಗೆ ಗೊತ್ತು. ಆದರೆ ಏರಿದ ಒತ್ತಡವನ್ನು ಔಷಧ ನೀಡಿ ಅವಸರದಲ್ಲಿ ಇಳಿಸಿದರೂ ದೃಷ್ಟಿ ಶಾಶ್ವತವಾಗಿ ನಷ್ಟವಾಗಬಹುದು ಎಂಬ ಸಂಗತಿ ಅಷ್ಟಾಗಿ ತಿಳಿದಿಲ್ಲ. ಇದು ಅಪರೂಪವಾದರೂ ವೈದ್ಯಲೋಕದಲ್ಲಿ ದಾಖಲಾಗಿರುವ ಅಪಾಯ.

ಮೆದುಳು ಮತ್ತು ಕಣ್ಣಿನ ರಕ್ತನಾಳಗಳು ಒತ್ತಡಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಿ ರಕ್ತಪೂರೈಕೆಯನ್ನು ಸಮವಾಗಿ ಕಾಯ್ದುಕೊಳ್ಳುತ್ತವೆ. ವರ್ಷಗಟ್ಟಲೆ ಅಧಿಕ ಒತ್ತಡಕ್ಕೆ ಒಗ್ಗಿದವರಲ್ಲಿ ಈ ಹೊಂದಾಣಿಕೆಯ ಮಿತಿಯೇ ಮೇಲಕ್ಕೆ ಸರಿದಿರುತ್ತದೆ. ಹಾಗಾಗಿ ಇತರರಿಗೆ ಸಹಜವಾದ 120/80, ಅಂಥವರಲ್ಲಿ ಹಠಾತ್ತನೆ ಉಂಟಾದರೆ, ಸಾಲದೇ ಹೋಗಬಹುದು. ಆಗ ದೃಷ್ಟಿನರದ ತುದಿಗೆ ರಕ್ತ ಒದಗಿಸುವ ಕಿರುನಾಳಗಳಲ್ಲಿ ಹರಿವು ಕುಂದಿ ನರತಂತುಗಳು ಸಾಯುತ್ತವೆ. ಸತ್ತ ತಂತುಗಳು ಮತ್ತೆ ಬೆಳೆಯುವುದಿಲ್ಲ.

ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಿಗೆಯ ಕೆಳಗೆ ಇರಿಸುವ ಪದ್ಧತಿ ಒಂದು ಕಾಲದಲ್ಲಿ ವ್ಯಾಪಕವಾಗಿತ್ತು. ಒತ್ತಡ ಎಷ್ಟು ಕುಸಿಯುತ್ತದೆಂಬುದು ಅದರಲ್ಲಿ ವೈದ್ಯರ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಪಾರ್ಶ್ವವಾಯು, ಹೃದಯಾಘಾತಗಳೂ ವರದಿಯಾದ ಹಿನ್ನೆಲೆಯಲ್ಲಿ, ಈ ಪದ್ಧತಿಯನ್ನು ಕೈಬಿಡಬೇಕೆಂಬ ವಾದ 1996ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಪ್ರಕಟವಾಯಿತು.

ಒತ್ತಡ 180/120ನ್ನು ಮೀರಿ, ಅಂಗಾಂಗಗಳಿಗೆ ಹಾನಿಯಾಗುತ್ತಿರುವುದನ್ನು ತುರ್ತುಸ್ಥಿತಿ ಎನ್ನಲಾಗುತ್ತದೆ. ಅಲ್ಲಿಯೂ ಮೊದಲ ಗಂಟೆಯಲ್ಲಿ ಶೇ. 25ಕ್ಕಿಂತ ಹೆಚ್ಚು ಇಳಿಸಬಾರದು, ಮುಂದಿನ 2ರಿಂದ 6 ಗಂಟೆಗಳಲ್ಲಿ 160/100ರ ಆಸುಪಾಸಿಗೆ ತಂದು, ನಂತರ 24ರಿಂದ 48 ಗಂಟೆಗಳಲ್ಲಿ ಎಚ್ಚರಿಕೆಯಿಂದ ಸಹಜ ಮಟ್ಟಕ್ಕೆ ಒಯ್ಯಬೇಕು ಎಂದು 2017ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಮಹಾಪಧಮನಿ ಸೀಳುವಿಕೆ, ಗರ್ಭಿಣಿಯರ ತೀವ್ರ ರಕ್ತದೊತ್ತಡದಂಥ ಸಂದರ್ಭಗಳಿಗೆ ಬೇರೆ ಕ್ರಮವಿದೆ. ಅಂಗಹಾನಿ ಇಲ್ಲದವರಿಗೆ ಮಾತ್ರೆಗಳ ಮೂಲಕ ನಿಧಾನವಾಗಿ ಇಳಿಸುವುದೇ ಸೂಕ್ತ.

ರಾತ್ರಿಯ ಮಾತ್ರೆಯ ಪ್ರಶ್ನೆಯೂ ಇದೆ. ನಿದ್ದೆಯಲ್ಲಿ ಒತ್ತಡ ಸಹಜವಾಗಿಯೇ ತಗ್ಗುತ್ತದೆ. ಮಲಗುವ ಮುನ್ನ ಸೇವಿಸುವ ಔಷಧ ಅದನ್ನು ಮತ್ತಷ್ಟು ತಗ್ಗಿಸಿ, ಕೆಲವರಲ್ಲಿ ದೃಷ್ಟಿನರಕ್ಕೆ ರಕ್ತದ ಕೊರತೆ ಉಂಟುಮಾಡಬಹುದು ಎಂದು ಭಾರತ ಮೂಲದ ನೇತ್ರತಜ್ಞ ಸೋಹನ್ ಸಿಂಗ್ ಹೈರೆ ಮತ್ತು ಸಂಗಡಿಗರು 1994ರಲ್ಲಿ ಪ್ರತಿಪಾದಿಸಿದರು.

ಇಷ್ಟೆಲ್ಲ ಓದಿ ಮಾತ್ರೆ ನಿಲ್ಲಿಸುವುದು ಮಾತ್ರ ಸಲ್ಲದು. ಚಿಕಿತ್ಸೆಯಿಲ್ಲದ ರಕ್ತದೊತ್ತಡವೇ ಕಣ್ಣು, ಹೃದಯ, ಮೂತ್ರಪಿಂಡಗಳಿಗೆ ದೊಡ್ಡ ಶತ್ರು. ಆದರೆ ಬಿಟ್ಟುಹೋದ ಮಾತ್ರೆಗೆ ಬದಲಾಗಿ ಎರಡು ನುಂಗುವುದು, ಪಕ್ಕದ ಮನೆಯವರ ಮಾತ್ರೆ ಪಡೆಯುವುದು ಬೇಡ. ಔಷಧ ಆರಂಭಿಸಿದ ಅಥವಾ ಬದಲಿಸಿದ ಬಳಿಕ ಕಣ್ಣು ಮಂಜಾದರೆ, ಬೆಳಗ್ಗೆ ಏಳುವಾಗ ನೋಟದ ಒಂದು ಭಾಗ ಕತ್ತಲೆನಿಸಿದರೆ, ಅದೇ ದಿನ ವೈದ್ಯರನ್ನು ಕಾಣುವುದು ಲೇಸು.