ಬಾವಿಯ ಮಾತೆತ್ತದ ಯೂಸುಫ್ (ಅ)



ಯಹೂದಿಯರು, ಕ್ರೈಸ್ತರು, ಮುಸ್ಲಿಮರು ಮೂವರೂ ಗೌರವದಿಂದ ನೆನೆಯುವವರಲ್ಲಿ ಯಾಕೂಬರ (ಅ) ಮಗ ಯೂಸುಫ್ (ಅ) ಒಬ್ಬರು. ಕನ್ನಡ ಬೈಬಲಿನಲ್ಲಿ ಅವರು ಯೋಸೇಫ. ಆದಿಕಾಂಡದ 37ರಿಂದ 50ರವರೆಗಿನ ಅಧ್ಯಾಯಗಳಲ್ಲಿ ಹೆಚ್ಚಿನವು ಅವರ ಕಥೆಯೇ. ಪವಿತ್ರ ಕುರ್‌ಆನಿನಲ್ಲಿ 111 ಸೂಕ್ತಗಳ 12ನೇ ಅಧ್ಯಾಯಕ್ಕೆ ಅವರದೇ ಹೆಸರು.

ಎರಡರಲ್ಲೂ ತಿರುಳು ಒಂದೇ. ತಂದೆಯ ಪ್ರೀತಿಗೆ ಕರುಬಿದ ಅಣ್ಣಂದಿರು ಅವರನ್ನು ಬಾವಿಗೆ ಹಾಕಿದರು. ಈಜಿಪ್ಟಿನಲ್ಲಿ ಅವರು ಗುಲಾಮರಾದರು, ಮಾಡದ ತಪ್ಪಿಗೆ ಸೆರೆಮನೆ ಕಂಡರು. ಕೊನೆಗೆ ಆ ನಾಡಿನ ಧಾನ್ಯ ಭಂಡಾರವೇ ಅವರ ಕೈಗೆ ಬಂತು. ಬರಗಾಲದಲ್ಲಿ ಅದೇ ಅಣ್ಣಂದಿರು ಧಾನ್ಯ ಕೇಳುತ್ತಾ ಎದುರಿಗೆ ನಿಂತರು.

ಸೇಡಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಬೈಬಲಿನ ಯೋಸೇಫ ಅಳುತ್ತಾ ಅವರನ್ನು ಅಪ್ಪಿಕೊಳ್ಳುತ್ತಾರೆ. ಕುರ್‌ಆನಿನ ಯೂಸುಫ್ (ಅ) ಕ್ಷಮಿಸಿ, ಅವರಿಗಾಗಿ ಅಲ್ಲಾಹನಲ್ಲೂ ಕ್ಷಮೆ ಬೇಡುತ್ತಾರೆ.

ವ್ಯಾಖ್ಯಾನಕಾರರು ಇಲ್ಲೊಂದು ಸೂಕ್ಷ್ಮವನ್ನು ತೋರಿಸಿದ್ದಾರೆ. ಹೆತ್ತವರು ಬಂದಾಗ ಅಲ್ಲಾಹನ ಉಪಕಾರಗಳನ್ನು ನೆನೆಯುತ್ತಾ ಯೂಸುಫ್ (ಅ) ಸೆರೆಯಿಂದ ಬಿಡುಗಡೆಯಾದುದನ್ನು ಹೇಳಿದರು. ಬಾವಿಯಿಂದ ಪಾರಾದುದನ್ನು ಹೇಳಲಿಲ್ಲ. ಜಗಳ ಹಚ್ಚಿದವನು ಶೈತಾನ ಎಂದರು. ಅಣ್ಣಂದಿರು ನಾಚಿ ತಲೆ ತಗ್ಗಿಸಬಾರದೆಂದೇ ಈ ಎಚ್ಚರ.

ಹಿಜರಿ 8ರಲ್ಲಿ ಮಕ್ಕಾ ವಿಜಯದ ದಿನ ಪ್ರವಾದಿ (ಸ) ಕುರೈಶರನ್ನು ಕ್ಷಮಿಸುವಾಗ ಯೂಸುಫರ (ಅ) ಮಾತನ್ನೇ ನೆನಪಿಸಿದರೆಂದು ಸೀರಾ ಗ್ರಂಥಗಳು ಹೇಳುತ್ತವೆ.

ಆಸ್ತಿ ಪಾಲಿನಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಜಮಾಅತ್‌ಗಳಲ್ಲೂ ಇದ್ದಾರೆ. ಹಿರಿಯರು ರಾಜಿ ಮಾಡಿಸಿದರೂ ಮುಂದಿನ ಮದುವೆ ಮನೆಯಲ್ಲಿ ಹಳೆಯದನ್ನೇ ಕೆದಕುತ್ತಾರೆ. ಪಾಲನ್ನು ಶರೀಅತ್‌ನಂತೆ ಕೊಟ್ಟೇ ತೀರಬೇಕು. ಕ್ಷಮೆಯ ಹೆಸರಿನಲ್ಲಿ ಯಾರ ಹಕ್ಕನ್ನೂ ನುಂಗುವಂತಿಲ್ಲ. ಆದರೆ ಒಮ್ಮೆ ಕ್ಷಮಿಸಿದ ಮೇಲೆ ಬಾವಿಯ ಮಾತು ಎತ್ತಬಾರದು.

ಅಲ್ಲಾಹನು ನಮ್ಮ ಮನೆಗಳನ್ನು ಕೂಡಿಸಲಿ. ಆಮೀನ್.